ಕುಂಕುಮ ಹಚ್ಚಿದ ಪ್ಲೇಟು

ಸೋದರತ್ತೆಯ ಪ್ಲೇಟು ನೋಡಿದ ಕೂಡಲೇ ನನಗೆ ಸಿಟ್ಟು ನೆತ್ತಿಗೇರಿತು. ಹಸಿರು ಖಣದಲ್ಲಿ ಸುತ್ತಿ, ಅದರ ಮೇಲೊಂದು ಟವೆಲು ಸುತ್ತಿ, ಹೊಸದುರ್ಗದ ಕಡೆಯಿಂದ ಪ್ಯಾಸೆಂಜರ್ ಗಾಡಿಯಲ್ಲಿ ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು ತಂದಿದ್ದಳು. ಬಿಚ್ಚಿ ನೋಡಿದರೆ ಅಂಗೈಗಿಂತ ಸ್ವಲ್ಪ ಅಗಲದ ಆ ಕಪ್ಪು ಗ್ರಾಮಫೋನ್ ಪ್ಲೇಟಿನ ತುಂಬ ಅರಿಶಿನ, ಕುಂಕುಮ, ಗಂಧ. ಅದೂ ಎಲ್ಲೋ ಅಂಚಿನಲ್ಲಲ್ಲ, ಹಾಡು ಇರುವ ಗೆರೆಗಳ ಮೇಲೆಯೇ, ಸುತ್ತಲೂ ಐದು ಕಡೆ ದಪ್ಪ ದಪ್ಪ ಬೊಟ್ಟು. ಬೊಟ್ಟಿನ ಮೇಲೆ ಬೊಟ್ಟು ಕೂತು ಕಜ್ಜಿಯ ಹಾಗೆ ಗಟ್ಟಿಯಾಗಿತ್ತು.

"ಯಾರತ್ತೆ ಇದನ್ನ ಹಿಂಗ್ ಮಾಡಿದ್ದು?" ಎಂದೆ.

"ನಾನೇ ಕಣೆ. ಆಯುಧಪೂಜೆ ದಿನ ಹಚ್ತಿದ್ದೆ."

ಅವಳಿಗೆ ದನಿ ಅಂತ ಉಳಿದಿದ್ದೇ ಅಷ್ಟು. ತಗಡಿನ ಮೇಲೆ ಮರಳು ಎಳೆದ ಹಾಗೆ ಕೇಳುತ್ತಿತ್ತು.

"ಪ್ಲೇಟಿಗೂ ಆಯುಧಪೂಜೆಗೂ ಏನ್ ಸಂಬಂಧ ಅತ್ತೆ? ಇದೇನ್ ಕುಡುಗೋಲಾ?"

"ನಿಮ್ಮಾವ ಕುಡುಗೋಲಿಗೆ, ಉಣ್ಣೆ ಕತ್ರಿಗೆ, ಸೈಕಲ್ಲಿಗೆ ಹಚ್ತಿದ್ರು. ನಂದು ಅಂತ ಇದ್ದಿದ್ದು ಇದೊಂದೇ. ಇದಕ್ಕೆ ಹಚ್ಚಿದೆ."

ಆದರೂ ಸಿಟ್ಟು ಇಳಿಯಲಿಲ್ಲ, ಯಾಕೆಂದರೆ ಅದರ ಕೆಳಗಿದ್ದದ್ದು ಭಯ. ಮಾರನೆಯ ದಿನ ಅವಳನ್ನು ದಾವಣಗೆರೆಯ ಆಸ್ಪತ್ರೆಗೆ ಸೇರಿಸಬೇಕಿತ್ತು. ಗಂಟಲಲ್ಲಿ ಗಡ್ಡೆ. ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕುವುದನ್ನು ಯಾರು ಹೇಳಿದರೂ ಬಿಟ್ಟವಳಲ್ಲ. ದನಿ ಒಡೆದಾಗ ಶೀತ ಅಂದಳು, ಕಷಾಯ ಕುಡಿದಳು, ಮತ್ತೆ ಮೆಣಸಿನ ಕಷಾಯ ಕುಡಿದಳು. ಕೊನೆಗೆ ಡಾಕ್ಟರು ನೋಡಿ, ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕು ಅಂದರು. ಆಮೇಲೆ ಕುತ್ತಿಗೆಯಲ್ಲಿ ಮಾಡುವ ತೂತಿನಿಂದ ಉಸಿರಾಟ. ಮಾತಿಲ್ಲ.

ಈ ಸುದ್ದಿ ಕೇಳಿದ ದಿನವೇ ನಾನು ಫೋನು ಮಾಡಿ ಹೇಳಿದ್ದೆ: ಮೊಬೈಲಿನಲ್ಲಿ ಏನಾದರೂ ಮಾತಾಡಿ ಇಡು, ಮೊಮ್ಮಕ್ಕಳ ಹೆಸರು ಕರೆದು ಇಡು, ಬೈಗುಳವಾದರೂ ಸರಿ. ಅದಕ್ಕೆ ಅವಳು, "ಈ ಕಪ್ಪೆ ದನಿ ಯಾರಿಗ್ ಬೇಕು? ನನ್ ದನಿ ಪ್ಲೇಟಲ್ಲೈತೆ. ಅದನ್ನ ಕಂಪ್ಯೂಟ್ರಿಗೆ ಹಾಕಿಕೊಡು. ದಾವಣಗೆರೆಗೆ ಹೋಗಾವಾಗ ಜಾಜೂರಲ್ಲಿ ಇಳೀತೀವಿ, ನೀನು ರಜಾ ಹಾಕು" ಎಂದಿದ್ದಳು. ಹಾಗೆ ಮಾವನ ಜೊತೆ ಇಳಿದಿದ್ದಳು. ನಮಗೆ ಇದ್ದದ್ದು ಅದೊಂದು ಹಗಲು.

ನಮ್ಮ ಮನೆ ಚಿಕ್ಕಜಾಜೂರಿನಲ್ಲಿ, ರೈಲು ಹಳಿಯ ಪಕ್ಕದಲ್ಲಿ. ನನ್ನ ಗಂಡ ರೈಲ್ವೆಯವರು, ಆ ದಿನ ಡ್ಯೂಟಿಯ ಮೇಲೆ ಹೋಗಿದ್ದರು. ನಾನು ಹೊಳಲ್ಕೆರೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಹಳೆಯ ಪ್ಲೇಟುಗಳನ್ನು ಕಂಪ್ಯೂಟರಿಗೆ ಇಳಿಸುವುದು ನನ್ನ ಹುಚ್ಚು. ಯಾರೋ ಗುಜರಿಗೆ ಹಾಕಲಿದ್ದ ಪ್ಲೇಯರನ್ನು ತಂದು ರಿಪೇರಿ ಮಾಡಿಸಿದ ಮೇಲೆ ಶುರುವಾದದ್ದು. ಪ್ಲೇಟಿನ ಮೇಲೆ ಸೂಜಿ ಓಡುತ್ತದೆ, ಅದರ ವೈರು ಒಂದು ಪುಟ್ಟ ಡಬ್ಬಿಗೆ, ಡಬ್ಬಿಯಿಂದ ಕಂಪ್ಯೂಟರಿಗೆ. ಪರದೆಯ ಮೇಲೆ ಹಸಿರು ಗೆರೆ ಏರಿ ಇಳಿದು ಸಾಗುತ್ತದೆ. ಆತುರ ಮಾಡುವ ಹಾಗಿಲ್ಲ. ಹಾಡು ಎಷ್ಟು ಹೊತ್ತೋ ಅಷ್ಟು ಹೊತ್ತು ಕೂರಲೇಬೇಕು. ಭೀಮಸಮುದ್ರದ ಅಡಿಕೆ ವ್ಯಾಪಾರದ ಮನೆಯವರಿಂದ ಹಿಡಿದು ನಮ್ಮ ಸ್ಟೇಷನ್ನಿನ ನಿವೃತ್ತ ನೌಕರರವರೆಗೆ ಎಷ್ಟೋ ಜನ ತಂದುಕೊಟ್ಟಿದ್ದಾರೆ. ಬೂಷ್ಟು ಹಿಡಿದದ್ದು ನೋಡಿದ್ದೆ, ಜಿರಳೆ ಹಿಕ್ಕೆ ನೋಡಿದ್ದೆ. ದೇವರಾಗಿಹೋದ ಪ್ಲೇಟನ್ನು ನೋಡಿದ್ದು ಅದೇ ಮೊದಲು.

ಆ ಪ್ಲೇಟಿನ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅತ್ತೆ ನನ್ನ ಅಪ್ಪನ ತಂಗಿ. ನಮ್ಮದು ಧರ್ಮಪುರದ ಹತ್ತಿರದ ಹಳ್ಳಿ, ಕುರಿ ಸಾಕುವವರು, ಮಳೆ ಬಂದರೆ ಶೇಂಗಾ ಹಾಕುವವರು. ಅತ್ತೆ ಇನ್ನೂ ಲಂಗ ದಾವಣಿ ಉಡುತ್ತಿದ್ದಾಗ ಹಾಡು ಸಂಗ್ರಹಿಸುವವರು ಯಾರೋ ಬಂದು, ಊರಿನ ಹೆಣ್ಣುಮಕ್ಕಳ ಹಾಡು ಕೇಳಿ, ನಮ್ಮ ಅಜ್ಜಿಯನ್ನು ಕಾವಲಿಗೆ ಇಟ್ಟುಕೊಂಡು ಅವರನ್ನೆಲ್ಲ ಬೆಂಗಳೂರಿಗೆ ಕರೆದುಕೊಂಡು ಹೋಗಿ ಹಾಡಿಸಿದರಂತೆ. ಹಾಡಿದವರಿಗೆಲ್ಲ ಒಂದೊಂದು ಪ್ಲೇಟು ಬಂತು. ಪ್ಲೇಟಿನ ಮೇಲೆ ಅತ್ತೆಯ ಹೆಸರಿಲ್ಲ. 'ಸಂಗಡಿಗರು' ಎಂದು ಇದೆಯಲ್ಲ, ಅದರೊಳಗೆ ಅವಳು. ಆದರೆ ಒಂದು ಬದಿಯ ಎರಡನೆಯ ಹಾಡು ಪೂರ್ತಿ ಅವಳೊಬ್ಬಳದೇ.

ನಮ್ಮ ಮನೆಯಲ್ಲಿ ಪ್ಲೇಯರು ಎಲ್ಲಿಂದ ಬರಬೇಕು? ಧರ್ಮಪುರದ ಬಸ್‌ಸ್ಟ್ಯಾಂಡಿನಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವವನೊಬ್ಬನ ಹತ್ತಿರ ಇತ್ತು. ಅವನು ಆ ಪ್ಲೇಟು ಇಸಿದುಕೊಂಡು ಹಾರ್ನಿನಲ್ಲಿ ಹಾಕುತ್ತಿದ್ದ. ಅತ್ತೆಯನ್ನು ನೋಡಲು ಹೊಸದುರ್ಗದ ಕಡೆಯಿಂದ ಗಂಡಿನವರು ಬಂದು ಬಸ್ಸಿಳಿದಾಗಲೂ ಅದೇ ಹಾಡು ಕೇಳುತ್ತಿತ್ತಂತೆ. ಗಂಡಿನ ಅಪ್ಪ ನಿಂತು ಕೇಳಿ, "ಯಾರೋ ಬಾಳ ಚೆನ್ನಾಗ್ ಹಾಡ್ತಾಳೆ" ಎಂದು ಮೆಚ್ಚಿದರಂತೆ. ನೀವು ನೋಡಲು ಬಂದಿರುವ ಹುಡುಗಿಯೇ ಅವಳು ಎಂದು ಯಾರೋ ಹೇಳಿದ ಮೇಲೆ ಮುಖ ಗಂಟು ಹಾಕಿಕೊಂಡರಂತೆ. ಬಸ್‌ಸ್ಟ್ಯಾಂಡಿನಲ್ಲಿ ಕಂಡವರೆಲ್ಲ ದನಿ ಕೇಳಿದ ಹುಡುಗಿ ನಮ್ಮ ಮನೆಗೆ ಹೇಗೆ ಬರುವುದು ಎಂದರಂತೆ. ಕೊನೆಗೆ ಹಿರಿಯರು ಕೂತು ಮಾತಾಡಿ ಒಂದು ಮಾತಿಗೆ ಬಂದರು: ಮದುವೆಯಾಗಲಿ, ಆದರೆ ಇನ್ನು ಹಾಡಬಾರದು.

ಆ ಹೆಣ್ಣು ನೋಡುವ ಶಾಸ್ತ್ರಕ್ಕೆ ಮದುಮಗನೇ ಬಂದಿರಲಿಲ್ಲ. ಮೇವು ಹುಡುಕಿಕೊಂಡು ಕುರಿಯ ಜೊತೆ ಎಲ್ಲಿಗೋ ಹೋಗಿದ್ದರು. ಹಾಗಾಗಿ ನನ್ನ ಮಾವ ಆ ಹಾಡು ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಅತ್ತೆ ಮಾತಿಗೆ ತಪ್ಪಿದವಳಲ್ಲ. ಮಕ್ಕಳಿಗೆ ಜೋಗುಳವನ್ನೂ ಮೂಗಿನಲ್ಲೇ ಗುನುಗಿ ಮುಗಿಸಿದಳು. ಪ್ಲೇಟು ಮಾತ್ರ ತವರಿನಿಂದ ಅವಳ ಟ್ರಂಕಿನಲ್ಲಿ ಹೋಯಿತು. ಹಾಕಿ ಕೇಳಲು ಪ್ಲೇಯರಿಲ್ಲದ ಮನೆಯಲ್ಲಿ ಅದು ದೇವರ ಗೂಡು ಸೇರಿತು.

ಇದೆಲ್ಲ ಗೊತ್ತಿದ್ದ ನನಗೆ ಮಾವನ ಮೇಲೆ ಚಿಕ್ಕಂದಿನಿಂದಲೂ ಒಳಗೊಳಗೇ ಕೋಪ. ತಮ್ಮ ಅಪ್ಪ ಹಾಕಿದ ಷರತ್ತನ್ನು ಅವರು ಸತ್ತ ಮೇಲಾದರೂ ತೆಗೆಯಬಹುದಿತ್ತಲ್ಲ. ಆ ದಿನವೂ ಅವರು ನಮ್ಮ ಹಾಲಿನ ಮೂಲೆಯಲ್ಲಿ ಕುರ್ಚಿಯ ತುದಿಗೆ ಕೂತು, ಮೊಣಕಾಲ ಮೇಲೆ ಟವೆಲು ಹಾಕಿಕೊಂಡು, ನೆಲ ನೋಡುತ್ತಿದ್ದರು. "ಮಾವ, ಸರಿಯಾಗ್ ಕುಂತ್ಕಳ್ರಿ" ಎಂದರೆ "ಇರ್ಲಿ ಬಿಡವ್ವ" ಎಂದರು. ಅಷ್ಟೇ ಮಾತು.

ಮೊದಲು ಒಣ ಬ್ರಷ್ಷಿನಿಂದ ತೆಗೆಯಲು ನೋಡಿದೆ. ಅರಿಶಿನ ಉದುರಿತು, ಕುಂಕುಮ ಕದಲಲಿಲ್ಲ. ಆಮೇಲೆ ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರಿಗೆ ಒಂದು ಹನಿ ಶಾಂಪೂ ಬೆರೆಸಿ, ನಡುವಿನ ಕಾಗದ ನೆನೆಯದ ಹಾಗೆ ಬಟ್ಟಲು ಮುಚ್ಚಿ, ಗೆರೆಗಳು ಹೋದ ದಿಕ್ಕಿಗೇ ನಿಧಾನವಾಗಿ ತಿಕ್ಕಿದೆ. ಕೆಳಗಿನ ತಟ್ಟೆಗೆ ಕೆಂಪು ನೀರು ಇಳಿಯತೊಡಗಿತು. ಅತ್ತೆ ತಟ್ಟೆಯನ್ನೇ ನೋಡುತ್ತಿದ್ದಳು.

"ಆ ನೀರು ಮೋರಿಗೆ ಚೆಲ್ಬ್ಯಾಡ ಕಣೆ. ತುಳಿಯೋ ಜಾಗ್ದಾಗೆ ಹಾಕಬಾರ್ದು."

"ಆಯ್ತು ಅತ್ತೆ. ನೀನು ಮಾತಾಡಬ್ಯಾಡ. ಡಾಕ್ಟರು ಏನ್ ಹೇಳವ್ರೆ?"

ಗಂಟಲಿಗೆ ತ್ರಾಸ ಕೊಡಕೂಡದು, ರಕ್ತ ಬಂದರೆ ಕಷ್ಟ, ಆಪರೇಷನ್ನೇ ಮುಂದಕ್ಕೆ ಹೋಗಬಹುದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅವಳು ಕೈಯಲ್ಲಿ ಬಾಯಿ ಮುಚ್ಚಿ ತೋರಿಸಿದಳು, ಕಣ್ಣಲ್ಲಿ ನಗುತ್ತಾ. ಆ ಹೊತ್ತಿನಲ್ಲೂ ಅವಳಿಗೆ ಚೇಷ್ಟೆ.

ನೀರಿಗೆ ಕುಂಕುಮದ ಮೇಲ್ಪದರ ಹೋಯಿತು, ತಳ ಹೋಗಲಿಲ್ಲ. ಕುಂಕುಮ ಎಂದರೆ ಅರಿಶಿನಕ್ಕೆ ಸುಣ್ಣ ಸೇರಿಸಿದ್ದು ತಾನೆ. ಗಾಳಿಗೆ ಬಿಟ್ಟ ಸುಣ್ಣ ಕಲ್ಲಾಗುತ್ತದೆ ಎಂದು ವರ್ಷ ವರ್ಷ ಬೋರ್ಡಿನ ಮೇಲೆ ಬರೆಯುವವಳು ನಾನು. ಆ ಕಲ್ಲು ಈಗ ಹಾಡಿನ ಗೆರೆಯೊಳಗೆ ಕೂತಿತ್ತು. ಉಜ್ಜಿದರೆ ಮರಳು ಕಾಗದ ಉಜ್ಜಿದ ಹಾಗೆ ಹಾಡೇ ಸವೆದುಹೋಗುತ್ತದೆ. ಸುಣ್ಣ ಕರಗಬೇಕಾದರೆ ಹುಳಿ ಬೇಕು. ಹುಳಿ ಪ್ಲೇಟಿಗೆ ಏನು ಮಾಡುತ್ತದೆ? ಪುಸ್ತಕದ ಪ್ರಕಾರ ಏನೂ ಮಾಡುವುದಿಲ್ಲ. ಆದರೆ ಪುಸ್ತಕ ಬರೆದವನ ಅತ್ತೆಯನ್ನು ಮಾರನೆಯ ದಿನ ಆಸ್ಪತ್ರೆಗೆ ಸೇರಿಸಬೇಕಾಗಿರಲಿಲ್ಲ. ಮುತ್ತು ಒಡೆದರೆ ಹೋಯ್ತು, ಮಾತು ಆಡಿದರೆ ಹೋಯ್ತು ಅಂತಾರೆ. ಇಲ್ಲಿ ಮುತ್ತೂ ಅದೇ, ಮಾತೂ ಅದೇ.

ವಿನೆಗರಿಗೆ ನೀರು ಹಾಕಿ ತೆಳು ಮಾಡಿದೆ. ಹಾಡು ಮುಗಿದ ಮೇಲೆ ಖಾಲಿ ಇರುವ ಒಳ ಅಂಚಿನಲ್ಲಿ ಹತ್ತಿಕಡ್ಡಿಯಿಂದ ಒಂದು ಚುಕ್ಕೆ ಇಟ್ಟು ಕಾದೆ. ಕಪ್ಪು ಕಪ್ಪಾಗಿಯೇ ಉಳಿಯಿತು. ಆಮೇಲೆ ಮೊದಲ ಬೊಟ್ಟಿಗೆ ಮುಟ್ಟಿಸಿದೆ. ಸಣ್ಣಗೆ ಗುಳ್ಳೆ ಎದ್ದವು. ಬೊಟ್ಟು ಮೆತ್ತಗಾಗಿ ಸರಿಯಿತು. ಕೆಳಗೆ ಗೆರೆಗಳು ಹೊಳೆದವು. ಹೀಗೆ ಒಂದೊಂದಾಗಿ ನಾಲ್ಕು ಹೋದವು. ಅತ್ತೆ ಪ್ರತಿ ಬೊಟ್ಟು ಹೋದಾಗಲೂ ಎರಡು ಕೈ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು.

ಐದನೆಯದು ಎಲ್ಲಕ್ಕಿಂತ ದಪ್ಪ. ಅದನ್ನು ಮುಟ್ಟಲು ಹೋದಾಗ ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಅದೊಂದು ಬಿಡು."

"ಬಿಟ್ಟರೆ ಸೂಜಿ ಅದಕ್ಕೇ ಬಡೀತತೆ ಅತ್ತೆ. ಯಾಕೆ?"

ಅವಳು ಮಾವನ ಕಡೆ ನೋಡಿದಳು, ಮತ್ತೆ ನನ್ನ ಕಡೆ. "ಒಂದ್ಸಲ ಊದಿನಕಡ್ಡಿ ಬಿದ್ದಿತ್ತು. ಕಿಡಿ ಬಿದ್ದ ಜಾಗ. ಅದು ಕಾಣ್ಬಾರ್ದು ಅಂತ ಅಲ್ಲಿಗೇ ದಪ್ಪಗೆ ಹಚ್ಚಿಬಿಡ್ತಿದ್ದೆ."

ಉಸಿರು ಬಿಗಿಹಿಡಿದು ಆ ಬೊಟ್ಟನ್ನೂ ತೆಗೆದೆ. ಕೆಳಗೆ ಎಳ್ಳಿಗಿಂತ ತುಸು ದೊಡ್ಡ ಗುಳಿ. ಸುತ್ತ ಅಂಚು ಕರಗಿ ಉಬ್ಬಿತ್ತು. ಅದು ಇದ್ದದ್ದು ಒಳಭಾಗದಲ್ಲಿ, ಎರಡನೆಯ ಹಾಡಿನ ಮೇಲೆ. ಬಯ್ಯಬೇಕು ಅನ್ನಿಸಿತು. ಯಾರನ್ನು ಬಯ್ಯಲಿ? ಕೇಳಲು ಆಗದ್ದನ್ನು ಪೂಜೆ ಮಾಡಿದ್ದಕ್ಕೆ ಅವಳನ್ನೇ? ನನಗೆ ಮೂಲೆಯಲ್ಲಿ ಕೂತ ಆ ಮನುಷ್ಯನ ಕಡೆಗೇ ಕೈ ತೋರಿಸಿ ಕೂಗಬೇಕು ಅನ್ನಿಸಿತು. ಪ್ಲೇಟು ಒರೆಸಿ ಒಣಗಲು ಇಟ್ಟೆ.

ಊಟ ಮಾಡಿದೆವು ಅಂತ ಹೇಳಬೇಕು, ಯಾರೂ ಸರಿಯಾಗಿ ಉಣ್ಣಲಿಲ್ಲ. ಅತ್ತೆಗೆ ಅನ್ನ ಕಿವುಚಿ ತೆಳ್ಳಗೆ ಸಾರು ಹಾಕಿಕೊಟ್ಟೆ, ಅದೂ ಇಳಿಯಲಿಲ್ಲ.

ಮಧ್ಯಾಹ್ನ ರೆಕಾರ್ಡಿಂಗಿಗೆ ಕೂತಾಗ ಇನ್ನೊಂದು ಕಾಟ. ನಮ್ಮ ಮನೆಯ ಮುಂದೆ ಗೂಡ್ಸ್ ಗಾಡಿ ಹೋದರೆ ನೆಲ ಅದುರುತ್ತದೆ, ಸೂಜಿ ಎಗರುತ್ತದೆ. ಅದಿರು ತುಂಬಿದ ಗಾಡಿ ಒಂದು ಹೊರಟರೆ ಮುಗಿಯುವುದೇ ಇಲ್ಲ. ನನ್ನ ಗಂಡ ಇದ್ದಿದ್ದರೆ ಯಾವ ಗಾಡಿ ಯಾವಾಗ ಎಂದು ಹೇಳುತ್ತಿದ್ದರು. ಒಂದು ಹೋಗಲಿ ಎಂದು ಕಾದೆವು. ಹೋಯಿತು. ಹಸಿರು ಗೆರೆ ಓಡಲು ಬಿಟ್ಟು, ಸೂಜಿಯನ್ನು ಅಂಚಿಗೆ ಇಳಿಸಿದೆ.

ಮೊದಲು ಚಟಪಟ ಸದ್ದು, ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ. ಅದರೊಳಗಿಂದ ಹೆಣ್ಣುಮಕ್ಕಳ ಗುಂಪಿನ ದನಿ ಎದ್ದಿತು. ಅತ್ತೆ ಬೆರಳು ಮಡಿಸುತ್ತ ತುಟಿಯಲ್ಲೇ ಅವರ ಹೆಸರು ಹೇಳುತ್ತಿದ್ದಳು. ಅವರಲ್ಲಿ ಎಷ್ಟು ಜನ ಈಗ ಇದ್ದಾರೋ. ಆ ಹಾಡು ಮುಗಿದು ಒಂದು ಗಳಿಗೆ ಬರೀ ಸಿಡಿತ. ಅತ್ತೆ ಬೆನ್ನು ನೆಟ್ಟಗೆ ಮಾಡಿ ಕೂತಳು.

ಆಮೇಲೆ ಒಂದೇ ಒಂದು ದನಿ.

ಎಲ್ಲಾವು ಬಂದಾವು ರೊಪ್ಪಕ್ಕೆ, ಒಂದ್ ಮರಿ ಬರಲಿಲ್ಲ.

ನಾನು ಇಂಥ ದನಿಯನ್ನು ನಿರೀಕ್ಷಿಸಿರಲಿಲ್ಲ. ಸಣ್ಣ ಹುಡುಗಿಯ ದನಿ, ಆದರೆ ಬಯಲಿನಲ್ಲಿ ಕುರಿ ಕರೆದು ಅಭ್ಯಾಸ ಇರುವ ದನಿ, ಎಲ್ಲೂ ಅಳುಕಿಲ್ಲ. ಸಂಜೆ ಕುರಿಗಳನ್ನು ರೊಪ್ಪಕ್ಕೆ ಕೂಡುವ ಹೊತ್ತಿನ ಹಾಡು ಅದು. ಎಲ್ಲ ಬಂದಿವೆ, ಒಂದು ಮರಿ ಬಂದಿಲ್ಲ. ಅತ್ತೆಯ ಮುಖ ನೋಡಲು ಧೈರ್ಯ ಬರಲಿಲ್ಲ, ಮಾವನ ಕಡೆ ನೋಡಿದೆ. ಅವರು ಎಂದಿನಂತೆ ನೆಲ ನೋಡುತ್ತಿದ್ದರು. ಟವೆಲಿನ ತುದಿಯನ್ನು ಮಾತ್ರ ಹಗ್ಗ ಹೊಸೆದ ಹಾಗೆ ಹೊಸೆಯುತ್ತಿದ್ದರು.

ಮುಂದಿನ ಸಾಲು ಶುರುವಾಗುವಷ್ಟರಲ್ಲಿ ಟಕ್ ಎಂದಿತು. ಮತ್ತೆ ಟಕ್. ಸೂಜಿ ಗುಳಿಯ ಅಂಚಿಗೆ ಬಡಿಯುತ್ತಿತ್ತು. ಆಮೇಲೆ ಒಂದು ಅರಚಿದ ಸದ್ದು, ಸೂಜಿ ಹಾರಿ ಮುಂದಕ್ಕೆ ಬಿತ್ತು. ಹಾಡು ಮುಂದೆ ಎಲ್ಲೋ ಇತ್ತು. ನಡುವಿನ ಸಾಲು ಇಲ್ಲ.

ಎತ್ತಿದೆ. ಮತ್ತೆ ಹಾಕಿದೆ. ಸೂಜಿಯ ತಲೆಗೆ ತುಸು ಭಾರ ಹೆಚ್ಚಿಸಿದೆ. ಈ ಸಲ ಹಿಂದಕ್ಕೆ ಹಾರಿ 'ಬರಲಿಲ್ಲ, ಬರಲಿಲ್ಲ, ಬರಲಿಲ್ಲ' ಎಂದು ಅಲ್ಲೇ ಸುತ್ತತೊಡಗಿತು. ಗೆರೆಯ ಮೇಲೆ ನೀರು ಹನಿಸಿ ನೋಡಿದೆ. ವೇಗ ತಗ್ಗಿಸಿ ನೋಡಿದೆ. ನಡುವೆ ಗೂಡ್ಸ್ ಬಂತು, ನಿಂತು ಕಾದು, ಮತ್ತೆ ಹಾಕಿದೆ. ಭೂತಗನ್ನಡಿಯಲ್ಲಿ ನೋಡಿದೆ. ಗೆರೆ ಇದ್ದರೆ ತಾನೆ ಓಡುವುದು? ಕಿಡಿ ಬಿದ್ದಲ್ಲಿ ಗೆರೆಯೇ ಕರಗಿ ಸಪಾಟಾಗಿತ್ತು. ಪಲ್ಲವಿಯಾಗಿದ್ದರೆ ಇನ್ನೊಂದು ಕಡೆಯಿಂದ ಕತ್ತರಿಸಿ ತಂದು ಅಂಟಿಸಬಹುದಿತ್ತು. ಆದರೆ ಅದು ಒಂದೇ ಸಲ ಬರುವ ಸಾಲು.

"ಹೋಗ್ಲಿ ಬಿಡು ಅತ್ತೆ" ಎಂದೆ. ನನ್ನ ದನಿಯೇ ನನಗೆ ಸುಳ್ಳಾಗಿ ಕೇಳಿತು. "ಒಂದು ಸಾಲು ತಾನೆ. ಉಳಿದಿದ್ದೆಲ್ಲ ಬಂದೈತೆ."

ಅತ್ತೆ ತಲೆ ಅಲ್ಲಾಡಿಸಿದಳು. "ಆ ಸಾಲೇ ಇಲ್ದಿದ್ರೆ ಮರಿ ಬರಲ್ಲ ಕಣೆ. ಹಾಡು ಅಲ್ಲಿಗೇ ನಿಂತೋಯ್ತು." ಕಂಪ್ಯೂಟರಿನ ಕಡೆ ಕೈ ತೋರಿಸಿ, "ಮೈಕು ಐತಾ?" ಎಂದಳು.

ಏನು ಕೇಳುತ್ತಿದ್ದಾಳೆ ಎಂದು ನನಗೆ ಕೂಡಲೇ ಅರ್ಥವಾಯಿತು, ಅರ್ಥವಾಗದ ಹಾಗೆ ನಟಿಸಿದೆ. ಕೊನೆಗೆ, "ಬ್ಯಾಡ. ಡಾಕ್ಟರು ಏನ್ ಹೇಳವ್ರೆ? ರಕ್ತ ಬಂದ್ರೆ ನಾಳೆ ಆಪರೇಷನ್ನಿಗೆ ಏನ್ ಗತಿ? ಜೀವಕ್ಕಿಂತ ಹಾಡು ದೊಡ್ಡದಾ ಅತ್ತೆ?" ಎಂದು ರೇಗಿದೆ.

"ನಾಳೆಯಿಂದ ದನೀನೇ ಇರಲ್ಲ. ಇವತ್ತೈತೆ."

ಅವಳು ಕೇಳುತ್ತಿದ್ದದ್ದು ನನ್ನನ್ನಲ್ಲ. ಅವಳು ಮಾವನ ಕಡೆ ತಿರುಗಿ ಕೂತಿದ್ದಳು. ಹಿರಿಯರು ಕೂತು ಆಡಿದ್ದ ಆ ಮಾತು ಅಷ್ಟು ವರ್ಷ ಆದ ಮೇಲೂ ನಮ್ಮ ಹಾಲಿನಲ್ಲಿ ಅವರಿಬ್ಬರ ನಡುವೆ ಕೂತಿತ್ತು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

"ಹಾಡ್ಲಾ?" ಎಂದಳು.

ಮಾವ ಎದ್ದು ನಿಂತರು. ಟವೆಲನ್ನು ಹೆಗಲಿಗೆ ಹಾಕಿಕೊಂಡರು. ನನ್ನ ಮೈ ಉರಿಯಿತು. ಹೊರಗೆ ಹೋಗುತ್ತಾರೆ, ಬೇಡ ಎನ್ನಲು ಬಾಯಿಲ್ಲದೆ ಎದ್ದು ಹೊರಗೆ ಹೋಗುತ್ತಾರೆ ಎಂದುಕೊಂಡೆ. ಇವತ್ತು ಏನಾದರಾಗಲಿ, ಹೊಸಿಲು ದಾಟುವ ಮೊದಲು ನಾಲ್ಕು ಮಾತು ಅಂದೇ ಬಿಡುತ್ತೇನೆ ಎಂದು ಬಾಯಿ ತೆರೆದೆ. ಅವರು ಬಾಗಿಲಿನವರೆಗೆ ಹೋದರು. ಬಾಗಿಲ ಪಕ್ಕದ ಸ್ವಿಚ್ಚು ಒತ್ತಿ ಫ್ಯಾನು ಆರಿಸಿದರು. ಆಮೇಲೆ ಹಳಿಯ ಕಡೆಯ ಕಿಟಕಿ ಮುಚ್ಚಿ ಅಗಳಿ ಹಾಕಿದರು. ಬಂದು ಅದೇ ಕುರ್ಚಿಯಲ್ಲಿ, ಈ ಸಲ ಬೆನ್ನು ಒರಗಿಸಿ ಕೂತರು.

"ಫ್ಯಾನಿನ ಸದ್ದು ಬೀಳ್ತತೆ" ಎಂದರು.

ನಾನು ಎದ್ದು ಮೇಜಿನ ಡ್ರಾಯರು ಎಳೆದೆ.

ಆನ್‌ಲೈನ್ ಪಾಠಕ್ಕೆ ತಂದಿದ್ದ ಕಾಲರ್ ಮೈಕನ್ನು ಅವಳ ಸೆರಗಿಗೆ ಸಿಕ್ಕಿಸಿದೆ. ಅವಳ ಕಿವಿಗೆ ಹೆಡ್‌ಫೋನು ಹಾಕಿ, ಹಿಂದಿನ ಸಾಲು ಕೇಳಿಸಿ, ಅದು ಮುಗಿದ ಕೂಡಲೇ ಇವಳು ಎತ್ತಿಕೊಳ್ಳಬೇಕು ಎಂದು ಸನ್ನೆ ಹೇಳಿಕೊಟ್ಟೆ. ದೂರದಲ್ಲಿ ಹಾರ್ನು ಕೇಳಿತು. ಕಾದೆವು. ಗಾಡಿ ಬಂತು, ಸ್ಟೇಷನ್ನಿನಲ್ಲಿ ನಿಂತಿತು, ಹೊರಡುವುದೇ ಇಲ್ಲವೇನೋ ಅನ್ನಿಸಿತು. ಫ್ಯಾನಿಲ್ಲದೆ ಮೂವರೂ ಬೆವರುತ್ತಿದ್ದೆವು. ಅತ್ತೆ ಕಣ್ಣು ಮುಚ್ಚಿ, ಕುತ್ತಿಗೆಯ ಮೇಲೆ ಅಂಗೈ ಇಟ್ಟುಕೊಂಡಿದ್ದಳು. ಗಾಡಿ ಹೋಯಿತು. ನೆಲದ ಅದುರು ನಿಂತಿತು. ನಾನು ಬಟನ್ ಒತ್ತಿದೆ.

ತಡಿಕೆ ಮುಚ್ಚಬ್ಯಾಡ ಅಣ್ಣಯ್ಯ, ದೂರ್ದಾಗೆ ಸದ್ದೈತೆ.

ಅದನ್ನು ಹಾಡು ಎನ್ನಬಹುದೋ ಇಲ್ಲವೋ ನನಗೆ ಗೊತ್ತಿಲ್ಲ. ಮೊದಲ ಪದಕ್ಕೇ ದನಿ ಒಡೆಯಿತು. ಎರಡನೆಯದಕ್ಕೆ ಬರೀ ಗಾಳಿ. 'ಅಣ್ಣಯ್ಯ' ಎನ್ನುವಲ್ಲಿ ಎಲ್ಲಿಂದಲೋ ಹಳೆಯ ಏರು ಸಿಕ್ಕಿತು, ಅರೆಗಳಿಗೆ ನಿಂತಿತು, ಮತ್ತೆ ಕುಸಿಯಿತು. 'ಸದ್ದೈತೆ' ಎಂಬುದನ್ನು ಅವಳು ಕೊನೆಯ ಉಸಿರು ಹಿಂಡಿ ಹೇಳಿ ಮುಗಿಸಿದಳು. ಮುಗಿಸಿದ ಮೇಲೆ ಕೆಮ್ಮು. ಕೆಮ್ಮು ನಿಲ್ಲಲೇ ಇಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡಾಗ ಅಲ್ಲಿ ಕೆಂಪು ಕಂಡಿತು. ಪಾಪಿ, ನೀನೇ ಹಾಡಿಸಿದೆ ಎಂದು ತಲೆಯೊಳಗೆ ಯಾರೋ ಕೂಗುತ್ತಿದ್ದ ಹಾಗೆ. ಮಾವ ಅವಳ ಬೆನ್ನು ಸವರುತ್ತ, "ಏನಿಲ್ಲ, ಏನಿಲ್ಲ, ಕುಂಕುಮದ ನೀರು ತಾಕಿರಬೇಕು" ಎನ್ನುತ್ತಿದ್ದರು. ಕುಂಕುಮದ ನೀರಿನ ತಟ್ಟೆ ಅಡುಗೆಮನೆಯಲ್ಲಿತ್ತು. ಅವರಿಗೂ ಅದು ಗೊತ್ತಿತ್ತು.

ತಣ್ಣೀರು ಕುಡಿಸಿದ ಮೇಲೆ ಕೆಮ್ಮು ತಗ್ಗಿತು. ಮತ್ತೆ ಕೆಂಪು ಕಾಣಲಿಲ್ಲ. ನಾನು ಡಾಕ್ಟರಿಗೆ ಫೋನು ಮಾಡಿದೆ. ಅವರು ನನಗೆ ಚೆನ್ನಾಗಿ ಬಯ್ದು, ಇನ್ನು ಒಂದು ಮಾತೂ ಆಡಿಸಬೇಡಿ, ಬೆಳಿಗ್ಗೆ ಬೇಗ ಕರೆದುಕೊಂಡು ಬನ್ನಿ ಎಂದರು. ಬೈಸಿಕೊಂಡದ್ದಕ್ಕೆ ನನಗೆ ಅಷ್ಟು ಸಮಾಧಾನ ಯಾವತ್ತೂ ಆಗಿರಲಿಲ್ಲ.

ಹಾಡಿನ ಹರಿದ ಜಾಗಕ್ಕೆ ಆ ಸಾಲನ್ನು ಹೊಲಿದು ಕೇಳಿಸಿದೆ. ಹುಡುಗಿ ಮರಿ ಬರಲಿಲ್ಲ ಎನ್ನುತ್ತಾಳೆ, ಮುದುಕಿ ರೊಪ್ಪದ ಬಾಗಿಲ ತಡಿಕೆ ಮುಚ್ಚಬೇಡ ಎನ್ನುತ್ತಾಳೆ, ಮತ್ತೆ ಹುಡುಗಿ ಮುಂದುವರಿಸುತ್ತಾಳೆ. ಹೊಲಿಗೆ ಎದ್ದು ಕಾಣುತ್ತಿತ್ತು. ಕಂಪ್ಯೂಟರಿನಲ್ಲಿ ಶ್ರುತಿ ಏರಿಸಬಹುದು, ಗೊರಗೊರ ತಗ್ಗಿಸಬಹುದು, ಸ್ವಲ್ಪ ಸರಿಮಾಡಲಾ ಎಂದು ಕೇಳಿದೆ. ಅತ್ತೆ ಹೂಂ ಎಂಬಂತೆ ತಲೆ ಆಡಿಸುವಷ್ಟರಲ್ಲಿ ಮಾವ ಜೋರಾಗಿಯೇ ಹೇಳಿದರು.

"ಬ್ಯಾಡ. ಏನೂ ಮುಟ್ಬ್ಯಾಡ ಕಣವ್ವ. ಹಂಗೇ ಇರ್ಲಿ."

ಆ ದಿನ ಅವರು ಬೇಡ ಎಂದದ್ದು ಅದೊಂದಕ್ಕೇ. ಯಾಕೆ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಸಂಜೆ ಅವರೇ ಆ ಕೆಂಪು ನೀರಿನ ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಹೋಗಿ, ಹಿತ್ತಲಿನ ಕರಿಬೇವಿನ ಬುಡಕ್ಕೆ ಹೊಯ್ದು ಬಂದರು.

ಆಪರೇಷನ್ ಆಯಿತು. ಜೀವ ಉಳಿಯಿತು. ದನಿ ಹೋಯಿತು.

ಮಳೆ ಶುರುವಾದ ಮೇಲೆ ನಾನು ಅವರ ಊರಿಗೆ ಹೋಗಿದ್ದೆ. ಅತ್ತೆ ಕುತ್ತಿಗೆಗೆ ತೆಳು ಬಿಳಿ ಬಟ್ಟೆ ಕಟ್ಟಿಕೊಂಡಿದ್ದಳು. ಮೈ ಇಳಿದಿತ್ತು, ಆದರೆ ಕಣ್ಣಿನ ಚೇಷ್ಟೆ ಇಳಿದಿರಲಿಲ್ಲ. ಯಾರನ್ನಾದರೂ ಕರೆಯಬೇಕಾದರೆ ಚಪ್ಪಾಳೆ ತಟ್ಟುತ್ತಾಳೆ: ಮಾವನಿಗೆ ಒಂದು ಬಗೆ, ಮೊಮ್ಮಕ್ಕಳಿಗೆ ಇನ್ನೊಂದು ಬಗೆ, ನಾಯಿಗೆ ಮತ್ತೊಂದು. ಮಾವನಿಗೆ ತಟ್ಟುವುದೇ ಎಲ್ಲಕ್ಕಿಂತ ಜೋರು. ದೇವರ ಗೂಡಿನಲ್ಲಿ ಪ್ಲೇಟು ವಾಪಸು ಕೂತಿತ್ತು. ಈ ಸಲ ಬೊಟ್ಟು ನಡುವಿನ ಕಾಗದದ ಮೇಲೆ ಮಾತ್ರ. ಅದನ್ನು ತೋರಿಸಿ, ನೋಡಿದೆಯಾ ಎಂಬಂತೆ ನನ್ನ ತಲೆಗೆ ಮೊಟಕಿದಳು.

ಚಾ ಕುಡಿಯುವಾಗ ಮಾವ ಹತ್ತಿರ ಬಂದು ತಮ್ಮ ಮೊಬೈಲು ನನ್ನ ಕೈಗಿತ್ತರು. "ಆ ಹಾಡಲ್ಲಿ ನಮ್ಮೋಳ್ದು ಬರ್ತತಲ್ಲ, ಅದೊಂದು ಸಾಲು ಮಾತ್ರ ಬ್ಯಾರೆ ಮಾಡಿ ಹಾಕ್ಕೊಡವ್ವ. ಹುಡುಕಕ್ಕೆ ಆಗಲ್ಲ ನಂಗೆ."

"ಪೂರ್ತಿ ಹಾಡೇ ಅತ್ತೇದು ಅಲ್ವಾ ಮಾವ?"

ಅವರು ತಲೆ ಕೆರೆದುಕೊಂಡರು. "ಆ ಹುಡುಗಿ ಚೆನ್ನಾಗ್ ಹಾಡ್ತಾಳೆ. ಇಲ್ಲ ಅನ್ನಲ್ಲ. ಆದ್ರೆ ಅವಳು ಯಾರೋ ನನಗೆ ಗೊತ್ತಿಲ್ಲ ಕಣವ್ವ. ನನಗೆ ಕೇಳಿಸ್ಲೇ ಇಲ್ವಲ್ಲ ಅವಳು. ಬಂದ್ಯಾ, ಉಂಡ್ಯಾ, ಎಲ್ಲಿಗ್ ಹೋಗಿದ್ದೆ ಅಂತ ಇಷ್ಟು ವರ್ಷ ನನ್ನ ಕೇಳಿದ್ದು ಆ ಒಂದು ಸಾಲಿನೋಳು."

ಅಷ್ಟು ಮಾತನ್ನು ಅವರು ಒಟ್ಟಿಗೆ ಆಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನನ್ನ ಹಳೆಯ ಕೋಪ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ, ಅದಿದ್ದ ಜಾಗದಲ್ಲಿ ದುಃಖ ಬಂತು.

ಅಷ್ಟರಲ್ಲಿ ಅತ್ತೆ ಬಂದು ನನ್ನ ಕೈಯಿಂದ ಮೊಬೈಲು ಕಿತ್ತುಕೊಂಡಳು. ಕತ್ತರಿಸಬಾರದು ಎಂದು ಬೆರಳಾಡಿಸಿ ಎಚ್ಚರಿಸಿದಳು. ಅವಳಿಗೆ ಬೇಕಾದದ್ದು ಆ ಹುಡುಗಿ. ಹಾಡನ್ನು ಮೊದಲಿನಿಂದ ಹಾಕಿ ಮೊಬೈಲನ್ನು ಕಿಟಕಿಯಲ್ಲಿ ಒರಗಿಸಿ ಇಟ್ಟಳು. ಇದು ದಿನಾಲೂ ಇರುವ ಜಗಳ ಎಂದು ನೋಡಿದರೇ ಗೊತ್ತಾಗುತ್ತಿತ್ತು. ಮಾವ ಸೋತವರ ಹಾಗೆ ಕೂತರು.

ಹುಡುಗಿ ಹಾಡತೊಡಗಿದಳು. ಎಲ್ಲಾವು ಬಂದಾವು ರೊಪ್ಪಕ್ಕೆ. ಅತ್ತೆ ಗೋಡೆಗೆ ಒರಗಿ, ತುಟಿ ಅಲ್ಲಾಡಿಸುತ್ತ ಕೇಳುತ್ತಿದ್ದಳು. ಒಂದ್ ಮರಿ ಬರಲಿಲ್ಲ ಎನ್ನುವಷ್ಟರಲ್ಲಿ ಮಾವ ಎದ್ದರು, ಬಾಗಿಲ ಹತ್ತಿರ ಹೋಗಿ ಫ್ಯಾನು ಆರಿಸಿದರು.